ಬೀಜದ ನಾಡಿನ ಹಿತ್ತಲಿಗೆ ಬೀಜವೆಲ್ಲಿ?

ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗಿನ ವಾರಗಳು ಹಾವೇರಿ ಸೀಮೆಯ ಒಕ್ಕಲು ಮನೆಗಳಲ್ಲಿ ಹಿತ್ತಲಿಗೆ ಮೀಸಲಾದ ಕಾಲ. ಹೊಲದ ಸುಗ್ಗಿ ಬಹುಮಟ್ಟಿಗೆ ಮುಗಿದಿರುತ್ತದೆ. ಬಾವಿ, ಕೊಳವೆಬಾವಿಗಳಲ್ಲಿ ನೀರು ಉಳಿದಿರುತ್ತದೆ. ಬಿಸಿಲು ಇನ್ನೂ ಏರಿರುವುದಿಲ್ಲ. ಮುಂಗಾರಿನವರೆಗೆ ಮನೆಗೆ ಬೇಕಾಗುವ ಕಾಯಿಪಲ್ಲೆಯ ಮಡಿಗಳು ಸಿದ್ಧವಾಗುತ್ತಿದ್ದುದು ಈ ಅವಧಿಯಲ್ಲಿಯೇ. ಶಿವರಾತ್ರಿಯ ದಿನ ಚಳಿ ‘ಶಿವಶಿವಾ’ ಎನ್ನುತ್ತ ಓಡಿಹೋಗುತ್ತದೆ ಎಂಬ ಜನರ ಮಾತು ಕೇವಲ ಚಮತ್ಕಾರದ ಮಾತಾಗಿರಲಿಲ್ಲ. ಅದು ಹಿತ್ತಲಿನ ಪಂಚಾಂಗವೂ ಆಗಿತ್ತು. ಚಳಿ ಓಡುವುದಕ್ಕೆ ಮುನ್ನ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಕೊಯ್ಲಿಗೆ ಬರಬೇಕು; ಓಡಿದ ಮೇಲೆ ಬೆಂಡೆ, ಹೀರೆ, ಚವಳಿ ಮೇಲೇಳಬೇಕು. ಇಷ್ಟು ತಿಳಿದಿದ್ದರೆ ಸಾಕಿತ್ತು.

ತಪ್ಪುತ್ತಿರುವ ಲೆಕ್ಕ

ಈ ಸರಳ ಲೆಕ್ಕ ಈಗ ತಪ್ಪುತ್ತಿದೆ. ಸಾಮಾನ್ಯವಾಗಿ ಡಿಸೆಂಬರ್ ಅಂತ್ಯದ ಹೊತ್ತಿಗೆ ಮುಗಿಯುವ ಹಿಂಗಾರು 2021ರಲ್ಲಿ ದಕ್ಷಿಣ ಭಾರತದಿಂದ ಹಿಂದೆ ಸರಿದುದು ಜನವರಿ 19ರಂದು. ಆ ವರ್ಷ ಜನವರಿಯ ಮೊದಲ ವಾರಗಳಲ್ಲಿ ರಾಜ್ಯದ ಅನೇಕ ಕಡೆ ಅಕಾಲದ ಮಳೆ ಸುರಿಯಿತು. ಎರಡು ವರ್ಷಗಳ ನಂತರ ಇದಕ್ಕೆ ವಿರುದ್ಧವಾದುದು ಘಟಿಸಿತು. ದೇಶದ ಸರಾಸರಿ ಗರಿಷ್ಠ ಉಷ್ಣಾಂಶವನ್ನು ಗಣಿಸಿದರೆ 2023ರ ಫೆಬ್ರವರಿಯು 1901ರಿಂದೀಚೆಗಿನ ಅತ್ಯಂತ ಬಿಸಿಯಾದ ಫೆಬ್ರವರಿಯೆಂದು ಭಾರತೀಯ ಹವಾಮಾನ ಇಲಾಖೆ ದಾಖಲಿಸಿತು. 2025ರ ಫೆಬ್ರವರಿಯಲ್ಲಿ ಹಗಲು ರಾತ್ರಿಗಳೆರಡನ್ನೂ ಕೂಡಿಸಿದ ಸರಾಸರಿ ಉಷ್ಣಾಂಶವೇ ದಾಖಲೆಯನ್ನು ಮುರಿಯಿತು. ಒಂದು ವರ್ಷ ಮಾಗಿಯಲ್ಲಿ ಮಳೆ, ಇನ್ನೊಂದು ವರ್ಷ ಮಾಘದಲ್ಲಿಯೇ ಬೇಸಿಗೆ. ಯಾವ ವರ್ಷ ಯಾವುದು ಬರುತ್ತದೆಂಬುದನ್ನು ತಿಂಗಳ ಮುಂಚೆ ಹೇಳುವ ವಿದ್ಯೆ ಇನ್ನೂ ಯಾರ ಬಳಿಯಲ್ಲಿಯೂ ಇಲ್ಲ.

ಅಕಾಲದ ಮಳೆ ಬಿದ್ದರೆ ಬ್ಯಾಡಗಿಯ ಸುತ್ತಮುತ್ತಲಿನ ಕಣಗಳಲ್ಲಿ ಒಣಗಲು ಹರಡಿದ ಮೆಣಸಿನಕಾಯಿ ಬಣ್ಣ ಕಳೆದುಕೊಳ್ಳುತ್ತದೆ, ಬೂಸು ಹಿಡಿಯುತ್ತದೆ. ಆ ನಷ್ಟವನ್ನು ಪತ್ರಿಕೆಗಳು ಬರೆಯುತ್ತವೆ, ಕಂದಾಯ ಅಧಿಕಾರಿಗಳು ಪಂಚನಾಮೆ ಮಾಡುತ್ತಾರೆ. ಅದೇ ಮಳೆಗೆ ಹಿತ್ತಲಿನ ಸಸಿಮಡಿಯಲ್ಲಿ ಬದನೆ, ಟೊಮ್ಯಾಟೊ ಸಸಿಗಳು ಬುಡ ಕೊಳೆತು ಮಲಗುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೋಡ ಕವಿದ ನಾಲ್ಕು ದಿನಗಳಲ್ಲಿ ಅವರೆಯ ಕುಡಿಗೆ ಹೇನು ಮುತ್ತುತ್ತದೆ. ಮಂಜು ಸುರಿದರೆ ಎಲೆಯ ಮೇಲೆ ಬೂದಿ ರೋಗ ಹಬ್ಬುತ್ತದೆ. ಬಿಸಿಲು ಬೇಗ ಏರಿದರೆ ಕೊತ್ತಂಬರಿ ಸೊಪ್ಪಾಗುವ ಮೊದಲೇ ಹೂವಿಗೆ ಹೋಗುತ್ತದೆ, ಟೊಮ್ಯಾಟೊ ಹೂವು ಕಾಯಿ ಕಚ್ಚದೆ ಉದುರುತ್ತದೆ, ಬಿಳಿನೊಣ ಹೆಚ್ಚಿ ಎಲೆ ಮುದುಡುತ್ತದೆ. ಎರಡು ವರ್ಷ ಹೀಗಾದರೆ ಮೂರನೆಯ ವರ್ಷ ಮನೆಯವರು ಹಿತ್ತಲಿಗೆ ಕೈ ಹಚ್ಚುವುದನ್ನೇ ಬಿಡುತ್ತಾರೆ. ವಾರದ ಸಂತೆಯಲ್ಲಿ ಸಿಕ್ಕಿದ್ದೇ ಅಡುಗೆ ಎಂದಾಗುತ್ತದೆ.

ಆಕಾಶ ನಂಬಿಕೆಗೆ ಅರ್ಹವಾಗಿಲ್ಲ, ಆದ್ದರಿಂದ ಹಿತ್ತಲು ಬೇಡ ಎಂಬುದು ಮೇಲುನೋಟಕ್ಕೆ ಸರಿಯೆನಿಸುವ ತರ್ಕ. ವಾಸ್ತವದಲ್ಲಿ ಆಕಾಶ ನಂಬಿಕೆ ಕಳೆದುಕೊಂಡ ಕಾಲದಲ್ಲಿಯೇ ಹಿತ್ತಲು ಹೆಚ್ಚು ಅಗತ್ಯ. ಆದರೆ ಅದನ್ನು ಹಳೆಯ ಪಂಚಾಂಗದ ಮೇಲೆ ಕಟ್ಟಲಾಗದು. ಅನೇಕ ಬೆಳೆ, ಅನೇಕ ಬಾರಿಯ ಬಿತ್ತನೆ ಮತ್ತು ಮನೆಯದೇ ಬೀಜ ಈ ಮೂರರ ಮೇಲೆ ಕಟ್ಟಬೇಕಾಗಿದೆ. ಇವುಗಳಲ್ಲಿ ಮೊದಲೆರಡನ್ನು ಕಲಿಯುವುದು ಸುಲಭ. ಮೂರನೆಯದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲಿ ವಿಚಿತ್ರವಾದ ಒಂದು ಸಂಕಟವಾಗಿ ನಿಂತಿದೆ.

ಎರೆಗೊಂದು ಮಡಿ, ಮಸಾರಿಗೊಂದು ಮಡಿ

ಮೊದಲು ನೆಲದ ವಿಚಾರ. ಈ ಮೂರು ತಾಲ್ಲೂಕುಗಳು ಮಲೆನಾಡಿನ ಸೆರಗಿಗೂ ಬಯಲುಸೀಮೆಯ ಒಡಲಿಗೂ ನಡುವೆ ಇವೆ. ಸಾಗರದ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ದಾಟಿ ಬಂದು ಹಾವೇರಿ ತಾಲ್ಲೂಕಿನ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಒಂದೇ ಊರಿನಲ್ಲಿ ಒಂದು ಓಣಿಯ ಹಿತ್ತಲು ಎರೆಮಣ್ಣಿನದಾಗಿದ್ದರೆ ಇನ್ನೊಂದು ಓಣಿಯದು ಮಸಾರಿ. ಇವೆರಡಕ್ಕೂ ಒಂದೇ ಬಗೆಯ ಮಡಿಯನ್ನು ಶಿಫಾರಸು ಮಾಡುವ ಕೈಪಿಡಿಗಳಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಎರೆಮಣ್ಣು ನೀರನ್ನು ಹಿಡಿದಿಡುತ್ತದೆ, ಬಿಡುವುದು ನಿಧಾನ. ಜನವರಿಯಲ್ಲಿ ಒಂದು ಮಳೆ ಬಿದ್ದರೂ ಬೇರಿಗೆ ಉಸಿರು ಕಟ್ಟುತ್ತದೆ. ಇಲ್ಲಿ ಮಡಿ ನೆಲದಿಂದ ಅರ್ಧ ಅಡಿ ಎತ್ತರವಿರಬೇಕು, ಸುತ್ತಲೂ ನೀರು ಹರಿದುಹೋಗುವ ಕಾಲುವೆ ಬೇಕು. ಮಸಾರಿಯಲ್ಲಿ ನೀರು ಬೇಗ ಇಳಿದುಹೋಗುತ್ತದೆ. ಅಲ್ಲಿ ಮಡಿಯನ್ನು ನಾಲ್ಕು ಬೆರಳಿನಷ್ಟು ತಗ್ಗಿಸಿ ಬದು ಕಟ್ಟಿದರೆ ಬೇಸಿಗೆಯ ನೀರು ಉಳಿತಾಯವಾಗುತ್ತದೆ. ಆದರೆ ತಗ್ಗಿನ ಮಡಿಯ ಒಂದು ಮೂಲೆಯಲ್ಲಿ ಬದುವನ್ನು ಸ್ವಲ್ಪ ಕೆಳಗಿಟ್ಟು ಹೆಚ್ಚಾದ ಮಳೆನೀರಿಗೆ ದಾರಿ ಮಾಡಿರಲೇಬೇಕು. ಅಗಲ ಒಂದು ಮೀಟರ್ ಮೀರದಿದ್ದರೆ ಎರಡೂ ಬದಿಯಿಂದ ಕೈಗೆಟುಕುತ್ತದೆ, ಯಾರೂ ಮಡಿಯೊಳಗೆ ಕಾಲಿಡಬೇಕಾಗಿಲ್ಲ. ತುಳಿಯದ ಮಣ್ಣು ಮಳೆಯನ್ನೂ ತಾಳುತ್ತದೆ, ಬಿಸಿಲನ್ನೂ ತಾಳುತ್ತದೆ.

ಅಗೆಯಲು ದಿನ ನೋಡುವುದಕ್ಕಿಂತ ಮಣ್ಣು ನೋಡುವುದು ಮೇಲು. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಟ್ಟಾಗ ಅದು ಒಡೆದು ಪುಡಿಯಾದರೆ ಹದ ಬಂದಿದೆಯೆಂದು ಅರ್ಥ. ಚಪ್ಪಟೆಯಾಗಿ ಉಳಿದರೆ ಇನ್ನೂ ಎರಡು ದಿನ ಕಾಯಬೇಕು. ಹಸಿ ಎರೆಯನ್ನು ಅಗೆದರೆ ಏಳುವ ಹೆಂಟೆಗಳು ಇಡೀ ಹಂಗಾಮು ಕರಗುವುದಿಲ್ಲ. ಮೂರು ಮೀಟರ್ ಉದ್ದದ ಮಡಿಗೆ ಎರಡು ಬುಟ್ಟಿ ಪೂರ್ತಿ ಕಳಿತ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಸಾಕು. ಹಸಿ ಸಗಣಿಯನ್ನು ಈ ಒಣ ಕಾಲದಲ್ಲಿ ಮಣ್ಣಿಗೆ ಸೇರಿಸಿದರೆ ಗೆದ್ದಲು, ಗೊಣ್ಣೆಹುಳುಗಳಿಗೆ ಔತಣವಿತ್ತಂತೆ. ಗೊಬ್ಬರಕ್ಕೆ ಹತ್ತು ದಿನ ಮುಂಚೆ ಟ್ರೈಕೋಡರ್ಮಾ ಶಿಲೀಂಧ್ರವನ್ನು ಬೆರೆಸಿ ತೇವದ ಗೋಣಿ ಮುಚ್ಚಿಟ್ಟರೆ ಬುಡ ಕೊಳೆಯುವ ರೋಗಕ್ಕೆ ಅದೇ ತಡೆಯಾಗುತ್ತದೆ.

ಹೊದಿಕೆಯ ವಿಷಯದಲ್ಲಿ ಈ ಜಿಲ್ಲೆ ಭಾಗ್ಯಶಾಲಿ. ಎಲ್ಲೆಡೆ ಬೆಳೆಯುವ ಗೋವಿನಜೋಳದ ದಂಟು, ತೆನೆಯ ಸಿಪ್ಪೆ, ಶೇಂಗಾ ಹೊಟ್ಟು ಬೇಕಾದಷ್ಟಿದೆ. ಅದನ್ನು ಹೊಲದಲ್ಲಿ ಸುಡುವ ಬದಲು ಹಿತ್ತಲಿಗೆ ತಂದರೆ ನೀರಿನ ಖರ್ಚು ಎದ್ದುಕಾಣುವಂತೆ ಇಳಿಯುತ್ತದೆ. ಬೇಸಿಗೆಯ ಹೊಸ್ತಿಲಲ್ಲಿ ಒಂದು ಚದರ ಮೀಟರ್ ತರಕಾರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಮೂರು ಮೀಟರಿನ ಒಂದು ಮಡಿಗೆ 15 ಲೀಟರಿನ ಒಂದು ಕೊಡ ಎಂದು ಲೆಕ್ಕ ಹಿಡಿಯಬಹುದು. ಹೊದಿಕೆ ಇದ್ದರೆ ಇದಕ್ಕಿಂತ ಕಡಿಮೆ ಸಾಕು. ಆದರೆ ಮೋಡದ ವಾತಾವರಣವಿದ್ದಾಗ ಎಳೆಯ ಸಸಿಗಳ ಬುಡದಿಂದ ಹೊದಿಕೆಯನ್ನು ಸರಿಸಿ ಗಾಳಿಯಾಡಲು ಬಿಡಬೇಕು. ಹೊದಿಕೆ ಹಾಕುವುದು ಎಷ್ಟು ಮುಖ್ಯವೋ ಅದನ್ನು ತೆಗೆಯಬೇಕಾದ ದಿನವನ್ನು ಅರಿಯುವುದೂ ಅಷ್ಟೇ ಮುಖ್ಯ.

ಮೂರು ಪಾಲಿನ ಬಿತ್ತನೆ

ಅನಿಶ್ಚಿತ ಹವೆಯಲ್ಲಿ ಮಾಡಬಾರದ ಮೊದಲ ಕೆಲಸವೆಂದರೆ ಇರುವ ಬೀಜವನ್ನೆಲ್ಲ ಒಂದೇ ದಿನ ನೆಲಕ್ಕೆ ಹಾಕುವುದು. ಬೀಜವನ್ನು ಮೂರು ಪಾಲು ಮಾಡಿ, ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಪಾಲುಗಳನ್ನು ಬಿತ್ತಿ, ಮೂರನೆಯದನ್ನು ಯುಗಾದಿಯವರೆಗೂ ಕೈಯಲ್ಲಿ ಉಳಿಸಿಕೊಳ್ಳುವುದು ಕ್ಷೇಮ. ಮೊದಲ ಪಾಲಿಗೆ ಮಳೆ ಹೊಡೆದರೆ ಎರಡನೆಯದು ನಿಲ್ಲುತ್ತದೆ. ಎರಡನೆಯದಕ್ಕೆ ಬಿಸಿಲು ಹೊಡೆದರೆ ಮೂರನೆಯದು ಅಡ್ಡ ಮಳೆಗೆ ಚಿಗುರುತ್ತದೆ.

ಬೆಳೆಗಳನ್ನೂ ಹೀಗೆಯೇ ಮೂರು ಗುಂಪು ಮಾಡಬಹುದು. ಚಳಿಯನ್ನು ಬಯಸುವ ಮೆಂತ್ಯ, ಕೊತ್ತಂಬರಿ, ಮೂಲಂಗಿ, ಸಬ್ಬಸಿಗೆ ಮೊದಲ ಗುಂಪು. ಇವು ಬೇಗ ಬಂದು ಬೇಗ ಮುಗಿಯುತ್ತವೆ, ಸಂಜೆಯ ನೆರಳು ಬೀಳುವ ಬದಿಯಲ್ಲಿದ್ದರೆ ಬಿಸಿಲು ಏರಿದರೂ ಒಂದೆರಡು ವಾರ ಹೆಚ್ಚು ಬಾಳುತ್ತವೆ. ಬೆಂಡೆ, ಚವಳಿ, ಹೀರೆ, ಸೌತೆ, ಸೋರೆ ಎರಡನೆಯ ಗುಂಪು. ರಾತ್ರಿಯ ಚಳಿ ಪೂರ್ತಿ ಇಳಿಯುವ ಮುನ್ನ ಬೆಂಡೆಯನ್ನು ಊರಿದರೆ ಬೀಜ ಮೊಳೆಯದೆ ಮಣ್ಣಿನಲ್ಲಿಯೇ ಕೊಳೆಯುತ್ತದೆ. ಆದ್ದರಿಂದ ಇವಕ್ಕೆ ಅವಸರ ಸಲ್ಲದು. ಮೂರನೆಯ ಗುಂಪು ಹವೆಯ ಹಂಗನ್ನು ಹೆಚ್ಚು ಇಟ್ಟುಕೊಳ್ಳದವು: ನುಗ್ಗೆ, ಕರಿಬೇವು, ಬಸಳೆ, ತೊಂಡೆ, ಪುಂಡಿಪಲ್ಲೆ, ರಾಜಗಿರಿ. ಮೊದಲೆರಡು ಗುಂಪುಗಳು ಕೈಕೊಟ್ಟ ವರ್ಷ ಅಡುಗೆಮನೆಯನ್ನು ಕಾಯುವುದು ಈ ಮೂರನೆಯ ಗುಂಪು. ಬಿತ್ತದೆಯೂ ಬರುವ ಹಕ್ಕರಕಿ, ಕಿರಕಸಾಲಿಯಂಥ ಸೊಪ್ಪುಗಳನ್ನು ಕಳೆಯೆಂದು ಕಿತ್ತೆಸೆಯದಿದ್ದರೆ ಅವೂ ಈ ಗುಂಪಿಗೆ ಸೇರುತ್ತವೆ.

ಬದನೆ, ಟೊಮ್ಯಾಟೊ, ಮೆಣಸಿನ ಸಸಿಗಳನ್ನು ನೆಲದ ಮಡಿಯಲ್ಲಿ ಬೆಳೆಸುವುದಕ್ಕಿಂತ ಹಳೆಯ ಬುಟ್ಟಿ, ತಗಡಿನ ಡಬ್ಬಿ, ತೆಂಗಿನ ಚಿಪ್ಪುಗಳಲ್ಲಿ ಬೆಳೆಸುವುದು ಈ ಕಾಲಕ್ಕೆ ಹೊಂದುತ್ತದೆ. ಮೋಡ ಕಂಡರೆ ಅವನ್ನು ಪಡಸಾಲೆಗೆ ಎತ್ತಿಡಬಹುದು, ಬಿಸಿಲೇರಿದರೆ ಮರದ ಕೆಳಗೆ ಸರಿಸಬಹುದು. ಹಿತ್ತಲಿನ ಗಾಳಿ ಬೀಸುವ ಬದಿಯಲ್ಲಿ ಎರಡು ಸಾಲು ಗೋವಿನಜೋಳವನ್ನು ಒತ್ತಾಗಿ ಬಿತ್ತಿದರೆ ಎಲೆ ಮುದುಡಿಸುವ ನುಸಿ, ಬಿಳಿನೊಣಗಳಿಗೆ ಅದು ಗೋಡೆಯಾಗುತ್ತದೆ. ಇವೆಲ್ಲವೂ ಹಣವಿಲ್ಲದೆ ಆಗುವ ಕೆಲಸಗಳು. ಆದರೆ ಬಿತ್ತನೆಯನ್ನು ಮೂರು ಪಾಲು ಮಾಡಬೇಕಾದರೆ ಮನೆಯಲ್ಲಿ ಬೀಜವಿರಬೇಕು. ಇಲ್ಲಿಂದ ನಿಜವಾದ ಪ್ರಶ್ನೆ ಆರಂಭವಾಗುತ್ತದೆ.

ನೆಟ್‌ಹೌಸಿನ ಬೀಜ, ಹಿತ್ತಲಿನ ಬರ

ರಾಣೆಬೆನ್ನೂರಿನ ಹೆಸರು ಕೇಳದ ತರಕಾರಿ ಬೀಜದ ವ್ಯಾಪಾರಿ ದೇಶದಲ್ಲಿ ಇರಲಾರ. ಈ ತಾಲ್ಲೂಕು ಮತ್ತು ನೆರೆಯ ಬ್ಯಾಡಗಿ, ಹಾವೇರಿ, ಹಿರೇಕೆರೂರುಗಳ ಹಳ್ಳಿಗಳಲ್ಲಿ ದಶಕಗಳಿಂದ ಟೊಮ್ಯಾಟೊ, ಮೆಣಸಿನಕಾಯಿ, ಬದನೆ, ಬೆಂಡೆ ಮುಂತಾದವುಗಳ ಸಂಕರ ಬೀಜ ತಯಾರಾಗುತ್ತಿದೆ. ಕೈಯಿಂದ ಪರಾಗಸ್ಪರ್ಶ ಮಾಡುವ ಕೌಶಲ ಈ ಭಾಗದ ಹೊಲಗಳಿಗೆ ಬಂದ ಹಾದಿ ಹಳೆಯದು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು 1972ರಲ್ಲಿ ವರಲಕ್ಷ್ಮಿ ಸಂಕರ ಹತ್ತಿಯನ್ನು ರೂಪಿಸಿದ ಮೇಲೆ, ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸಿ ಬೀಜ ಪಡೆಯುವ ಕೆಲಸ ಪ್ರಯೋಗಶಾಲೆಯನ್ನು ದಾಟಿ ರೈತರ ಹೊಲಕ್ಕೆ ಕಾಲಿಟ್ಟಿತು. ತರಕಾರಿ ಬೀಜದ ಕಂಪನಿಗಳು ಇದೇ ಕೌಶಲವನ್ನು ಆಶ್ರಯಿಸಿದವು.

ಆ ಕೆಲಸದ ಸೂಕ್ಷ್ಮವನ್ನು ಕಂಡವರೇ ಬಲ್ಲರು. ಹೆಣ್ಣು ಸಾಲಿನ ಗಿಡದಲ್ಲಿ ಮರುದಿನ ಅರಳಲಿರುವ ಮೊಗ್ಗನ್ನು ಗುರುತಿಸಿ, ಚಿಮುಟದಿಂದ ಬಿಡಿಸಿ, ಒಳಗಿನ ಕೇಸರಗಳನ್ನು ಶಲಾಕೆಗೆ ನೋವಾಗದಂತೆ ತೆಗೆಯಬೇಕು. ಮರುದಿನ ಬೆಳಗ್ಗೆ ಗಂಡು ಸಾಲಿನ ಪರಾಗವನ್ನು ಅದಕ್ಕೆ ಮುಟ್ಟಿಸಿ ಗುರುತು ಮಾಡಬೇಕು. ಇಂಥ ಸಾವಿರಾರು ಹೂವುಗಳನ್ನು ಬಲೆಯ ಪರದೆಯೊಳಗೆ ಕುಳಿತು, ನಿಂತು ಮುಗಿಸುವವರು ಬಹುತೇಕ ಮಹಿಳೆಯರು. ಬೀಜ ಕಂಪನಿಗೆ ಹೋಗುತ್ತದೆ, ತಳಿಶುದ್ಧತೆಯ ಪರೀಕ್ಷೆಯಲ್ಲಿ ಉತ್ತೀರ್ಣವಾದ ಮೇಲೆ ಪೂರ್ತಿ ಹಣ ಬರುತ್ತದೆ. ಪರೀಕ್ಷೆಯಲ್ಲಿ ಬಿದ್ದರೆ ನಷ್ಟ ಬೆಳೆದವರದು. ಗಂಡು, ಹೆಣ್ಣು ಸಾಲುಗಳ ಮೂಲಬೀಜ ಕಂಪನಿಯ ಸ್ವತ್ತು. ಅದರ ಒಂದು ಕಾಳೂ ಮನೆಗೆ ಸೇರುವಂತಿಲ್ಲ.

ಇದರಿಂದ ಅನೇಕ ಕುಟುಂಬಗಳು ದುಡಿಮೆ ಕಂಡಿವೆ, ಸಣ್ಣ ಹಿಡುವಳಿಗಳು ಉಳಿದಿವೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ವಿಪರ್ಯಾಸವನ್ನು ಕಾಣದಿರುವುದೂ ನ್ಯಾಯವಲ್ಲ. ಹಗಲೆಲ್ಲ ದೇಶವಿದೇಶಗಳ ಹಿತ್ತಲಿಗೆ ಬೀಜ ತಯಾರಿಸುವ ಕೈಗಳು ಸಂಜೆ ಮನೆಗೆ ಮರಳಿದಾಗ ಆ ಮನೆಯ ಹಿತ್ತಲಿನಲ್ಲಿ ಬಿತ್ತಲು ಬೀಜವಿರುವುದಿಲ್ಲ. ಬೇಕೆಂದರೆ ಪೇಟೆಯ ಅಂಗಡಿಯಿಂದ ಬಣ್ಣದ ಪೊಟ್ಟಣ ತರಬೇಕು. ಟೊಮ್ಯಾಟೊ ಸಂಕರ ಬೀಜದ 10 ಗ್ರಾಂ ಪೊಟ್ಟಣದಲ್ಲಿ ಮೂರು ಸಾವಿರದಷ್ಟು ಕಾಳುಗಳಿರುತ್ತವೆ, ಬೆಲೆ ನೂರಾರು ರೂಪಾಯಿ. ಹಿತ್ತಲಿಗೆ ಬೇಕಾದುದು ಇಪ್ಪತ್ತು ಕಾಳು. ಅದನ್ನು ಬೆಳೆದು ಬೀಜ ಉಳಿಸಿಕೊಂಡರೂ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುತ್ತವೆ. ಮೊದಲ ಬಿತ್ತನೆ ಮಳೆಗೆ ಹೋದರೆ ಮತ್ತೆ ಅಂಗಡಿಗೆ ಹೋಗಬೇಕು. ಮೂರು ಪಾಲಿನ ಬಿತ್ತನೆ ಇಂಥ ಮನೆಗೆ ಕೇವಲ ಉಪದೇಶವಾಗಿ ಉಳಿಯುತ್ತದೆ.

ಹಿಂದೆ ಹೀಗಿರಲಿಲ್ಲ. ಹೀರೆ, ಸೌತೆ, ಕುಂಬಳದ ಬೀಜಗಳನ್ನು ಸಗಣಿಯಲ್ಲಿ ಕಲೆಸಿ ಗೋಡೆಗೆ ಮೆತ್ತಿಡುತ್ತಿದ್ದರು. ಅವರೆ, ಚವಳಿಗಳು ಬೂದಿಯಲ್ಲಿ ಹೊರಳಿ ಗಡಿಗೆ ಸೇರುತ್ತಿದ್ದವು. ಒಳ್ಳೆಯ ಬದನೆಯ ಒಂದು ಕಾಯಿಯನ್ನು ಗಿಡದಲ್ಲಿಯೇ ಹಣ್ಣಾಗಲು ಬಿಡುತ್ತಿದ್ದರು. ಮಗಳು ಗಂಡನ ಮನೆಗೆ ಹೋಗುವಾಗ ಸೆರಗಿನ ಗಂಟಿನಲ್ಲಿ ತವರಿನ ಬೀಜವೂ ಹೋಗುತ್ತಿತ್ತು. ಒಂದು ಊರಿನಲ್ಲಿ ಮಳೆಗೆ ಹಾಳಾದ ತಳಿ ಇನ್ನೊಂದು ಊರಿನಲ್ಲಿ ಬದುಕಿರುತ್ತಿತ್ತು. ಹವೆಯ ಏರುಪೇರಿಗೆ ಇದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ.

ಬ್ಯಾಡಗಿ ಹೇಳುವ ಪಾಠ

ಬೀಜ ಕೈತಪ್ಪಿದರೆ ಏನಾಗುತ್ತದೆಂಬುದಕ್ಕೆ ಬ್ಯಾಡಗಿ ಮೆಣಸಿನಕಾಯಿಗಿಂತ ಬೇರೆ ನಿದರ್ಶನ ಬೇಡ. ಖಾರ ಕಡಿಮೆ, ಬಣ್ಣ ಗಾಢ. ಮಲೆನಾಡಿನ ಸಾರಿಗೂ ಕರಾವಳಿಯ ಮಸಾಲೆಗೂ ಕೆಂಪು ಕೊಡುವ ಈ ಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳು ಪ್ರಸಿದ್ಧ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆದರೆ ಹೆಸರಿಗೆ ರಕ್ಷಣೆ ಸಿಕ್ಕಷ್ಟು ಸುಲಭವಾಗಿ ಬೀಜಕ್ಕೆ ಸಿಗಲಿಲ್ಲ. ಮೆಣಸಿನ ಹೂವಿಗೆ ಜೇನು, ನುಸಿಗಳ ಮೂಲಕ ಪಕ್ಕದ ಹೊಲದ ಪರಾಗ ಬಂದು ಸೇರುವುದು ಸಾಮಾನ್ಯ. ಸುತ್ತಮುತ್ತ ಸಂಕರ ಮೆಣಸು ಹೆಚ್ಚಿದಂತೆ ಡಬ್ಬಿಯ ಬೀಜ ಕಲಬೆರಕೆಯಾಯಿತು, ರೋಗಗಳ ಬಾಧೆಯೂ ಸೇರಿ ಇಳುವರಿ ಕುಸಿಯಿತು. ಇಂದು ಬ್ಯಾಡಗಿಯ ಮಾರುಕಟ್ಟೆಗೆ ಬರುವ ಮಾಲಿನ ದೊಡ್ಡ ಪಾಲು ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಕಡೆಯದು. ಊರಿನ ಹೆಸರು ಜಗತ್ತಿಗೆ ಹೋಗಿದೆ, ಊರಿನ ಬೀಜ ಊರಿನಲ್ಲಿಯೇ ಅಪರೂಪವಾಗಿದೆ.

ಇಲ್ಲಿಯೇ ಹಿತ್ತಲಿನ ಬೆಲೆ ತಿಳಿಯುತ್ತದೆ. ಎಕರೆಗಟ್ಟಲೆ ಹೊಲದಲ್ಲಿ ಶುದ್ಧ ತಳಿಯನ್ನು ಕಾಯುವುದು ಕಷ್ಟ. ಹಿತ್ತಲಿನ ಹತ್ತು ಗಿಡಗಳಲ್ಲಿ ಅದು ಸಾಧ್ಯ. ಗುಣವಂತ ಗಿಡದ ಒಂದು ಕೊಂಬೆಯನ್ನು ಹೂವು ಅರಳುವ ಮೊದಲೇ ಹಳೆಯ ಸೊಳ್ಳೆಪರದೆಯ ಚೀಲದಿಂದ ಮುಚ್ಚಿ, ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ದಾರದ ಗುರುತು ಕಟ್ಟಿದರೆ ಆ ಕಾಯಿಗಳ ಬೀಜ ಶುದ್ಧವಾಗಿರುತ್ತದೆ. ಇದು ನೆಟ್‌ಹೌಸಿನಲ್ಲಿ ನಿತ್ಯ ಬಳಕೆಯಾಗುವ ತಿಳಿವಳಿಕೆಯೇ. ದುಡಿಯುವ ಮಹಿಳೆಯರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅದೇ ವಿದ್ಯೆಯನ್ನು ಮನೆಯ ಕಡೆಗೆ ತಿರುಗಿಸಿದರೆ ಸಾಕು. ಬದನೆಯಲ್ಲಿ, ಬೆಂಡೆಯಲ್ಲಿಯೂ ಇದೇ ಕ್ರಮ ಸಲ್ಲುತ್ತದೆ. ಟೊಮ್ಯಾಟೊ, ಅವರೆಗಳು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದವಾದ್ದರಿಂದ ಅಷ್ಟೂ ಬೇಕಾಗಿಲ್ಲ. ಹೀರೆ, ಸೋರೆಗಳಲ್ಲಿ ಮಾತ್ರ ಮುಚ್ಚಿಟ್ಟ ಹೆಣ್ಣು ಹೂವಿಗೆ ಗಂಡು ಹೂವಿನ ಪರಾಗವನ್ನು ಕೈಯಾರೆ ಮುಟ್ಟಿಸಬೇಕು.

ಎರಡು ಆಕ್ಷೇಪಗಳು

ಸಂಕರ ತಳಿಯ ಇಳುವರಿ ಹೆಚ್ಚು, ರೋಗನಿರೋಧಕ ಶಕ್ತಿಯೂ ಕೆಲವದಕ್ಕೆ ಇದೆ, ಹಾಗಿರುವಾಗ ಹಳೆಯ ತಳಿಗೆ ಏಕೆ ಅಂಟಿಕೊಳ್ಳಬೇಕು ಎಂಬುದು ಮೊದಲ ಆಕ್ಷೇಪ. ಮಾರುಕಟ್ಟೆಗಾಗಿ ಬೆಳೆಯುವ ಹೊಲದ ಮಟ್ಟಿಗೆ ಈ ವಾದದಲ್ಲಿ ತೂಕವಿದೆ. ಒಂದೇ ಅಳತೆಯ ಕಾಯಿ ಒಂದೇ ಬಾರಿ ಬಂದರೆ ಲಾರಿ ತುಂಬಲು ಅನುಕೂಲ. ಮನೆಯ ಅಡುಗೆಗೆ ಬೇಕಾದುದು ಇದರ ವಿರುದ್ಧವಾದ ಗುಣ: ದಿನಕ್ಕಷ್ಟು, ತಿಂಗಳುಗಟ್ಟಲೆ. ನಾಟಿ ತಳಿಗಳಲ್ಲಿ ಗಿಡದಿಂದ ಗಿಡಕ್ಕೆ ಇರುವ ಸಣ್ಣ ವ್ಯತ್ಯಾಸ ಅನಿಶ್ಚಿತ ಹವೆಯಲ್ಲಿ ರಕ್ಷಣೆಯಾಗುತ್ತದೆ. ಒಂದು ಗಿಡ ಸೋತ ದಿನ ಇನ್ನೊಂದು ನಿಲ್ಲುತ್ತದೆ. ಅಲ್ಲದೆ ಬೀಜ ಉಳಿಸಿಕೊಳ್ಳಲು ಬರುವ ಸುಧಾರಿತ ತಳಿಗಳನ್ನು ಸರ್ಕಾರಿ ಸಂಸ್ಥೆಗಳೇ ನೀಡಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ವಿಕಾಸ್ ಟೊಮ್ಯಾಟೊ ಇಂಥವು. ಹಿತ್ತಲಿನಲ್ಲಿ ನಾಟಿಯೂ ಇರಲಿ, ಇವೂ ಇರಲಿ.

ಎರಡನೆಯ ಆಕ್ಷೇಪ ಜಾಗ ಮತ್ತು ಪ್ರಯೋಜನಕ್ಕೆ ಸಂಬಂಧಿಸಿದ್ದು. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐವರ ಮನೆಗೆ ಇದು 2 ಕಿಲೋ ಆಯಿತು. ಅರ್ಧ ಗುಂಟೆಯ ಹಿತ್ತಲು ಇಷ್ಟನ್ನೂ ಕೊಡಲಾರದೆಂಬುದು ನಿಜ. ಆದರೆ ಸೊಪ್ಪು, ಮೆಣಸಿನಕಾಯಿ, ಒಂದೆರಡು ಬಗೆಯ ಕಾಯಿಗಳನ್ನು ಅದು ವರ್ಷದ ಬಹುಕಾಲ ಕೊಡಬಲ್ಲದು. ಸಂತೆಯಲ್ಲಿ ಬೆಲೆ ಗಗನಕ್ಕೇರಿದ ವಾರ, ಕೂಲಿ ಇಲ್ಲದ ವಾರ, ಆ ಮನೆಯ ತಟ್ಟೆ ಬರಿದಾಗುವುದಿಲ್ಲ. ಏನು ಸಿಂಪಡಿಸಲಾಗಿದೆಯೆಂಬ ಅನುಮಾನವಿಲ್ಲದ ಸೊಪ್ಪು ಮಕ್ಕಳಿಗೆ ಸಿಗುತ್ತದೆ. ಇದನ್ನು ರೂಪಾಯಿಗೆ ತಿರುಗಿಸಿ ಹೇಳುವುದು ಕಷ್ಟ, ಆದರೆ ಅಡುಗೆಮನೆಯವರಿಗೆ ತಿಳಿಯುತ್ತದೆ.

ಆಗಬೇಕಾದುದು

ಏನನ್ನು ಬೆಳೆಯಬೇಕು, ಯಾರ ಬೀಜವನ್ನು ಬಿತ್ತಬೇಕು ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ಸಾಮೂಹಿಕ ಭೂಮಿಯ ನೀಲಗಿರಿಯನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. 2008ರ ಜೂನ್ 10ರಂದು ಬೀಜ, ಗೊಬ್ಬರದ ಅಭಾವವನ್ನು ಪ್ರತಿಭಟಿಸಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ಬೀಜವು ಅಂಗಡಿಯ ಕಟ್ಟೆಯ ಮೇಲೆ ಮಾತ್ರ ಸಿಗುವ ವಸ್ತುವಾದಾಗ ರೈತ ಎಷ್ಟು ಅಸಹಾಯಕನಾಗುತ್ತಾನೆಂಬುದನ್ನು ಈ ಜಿಲ್ಲೆ ಕಂಡಿದೆ.

ಕಾನೂನು ರೈತರ ಪರವಾಗಿಯೇ ಇದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001, ತನ್ನ ಬೆಳೆಯ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಬಳಸದ ಹಕ್ಕು ಮಾತ್ರ ಕಾಗದದಲ್ಲಿಯೇ ಉಳಿಯುತ್ತದೆ. ಮಲೆನಾಡಿನಲ್ಲಿ ಇದನ್ನು ಬಳಸಿ ತೋರಿಸಿದವರಿದ್ದಾರೆ. ಶಿರಸಿಯಲ್ಲಿ 2001ರಲ್ಲಿ ಆರಂಭವಾದ ‘ವನಸ್ತ್ರೀ’ ಬಳಗದ ಮಹಿಳೆಯರು ಹಿತ್ತಲಿನ ಬೀಜಗಳನ್ನು ಸಂಗ್ರಹಿಸಿ, ಮೇಳಗಳ ಮೂಲಕ ಹಂಚುತ್ತ ಬಂದಿದ್ದಾರೆ. ಘಟ್ಟದ ಮೇಲೆ ಸಾಧ್ಯವಾದುದು ವರದೆಯ ಕೆಳಪಾತ್ರದಲ್ಲಿ ಸಾಧ್ಯವಾಗದಿರಲು ಕಾರಣವಿಲ್ಲ.

ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ದೇವಿಹೊಸೂರಿನ ತೋಟಗಾರಿಕಾ ಸಂಸ್ಥೆಗಳು ಈ ಸೀಮೆಯ ಕೈಯಳತೆಯಲ್ಲಿಯೇ ಇವೆ. ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಅವು ಮೂರು ತಾಲ್ಲೂಕುಗಳಲ್ಲಿ ಬೀಜ ವಿನಿಮಯದ ಸಂತೆ ನಡೆಸಲಿ. ಐದೈದು ಗ್ರಾಂಗಳ, ಮರುಬಿತ್ತನೆಗೆ ಬರುವ ತಳಿಗಳ ಸಣ್ಣ ಪೊಟ್ಟಣಗಳನ್ನು ಸ್ತ್ರೀಶಕ್ತಿ ಸಂಘಗಳಿಗೆ ಒದಗಿಸಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ, ‘ವರುಣಮಿತ್ರ’ ಸಹಾಯವಾಣಿಯಲ್ಲಿ ಮುನ್ಸೂಚನೆ ಹೇಳುತ್ತದೆ. ಜನವರಿ, ಫೆಬ್ರವರಿಗಳಲ್ಲಿ ಆ ಮಾಹಿತಿಯನ್ನು ಪಂಚಾಯಿತಿ ಕಚೇರಿಯ ಹಲಗೆಯ ಮೇಲೆ ದಿನವೂ ಬರೆದರೆ ಸಸಿಬುಟ್ಟಿಯನ್ನು ಒಳಗೆ ಎತ್ತಿಡಬೇಕೇ ಬೇಡವೇ ಎಂಬುದು ಮನೆಯವರಿಗೆ ತಿಳಿಯುತ್ತದೆ. ಬೀಜೋತ್ಪಾದನೆಯಿಂದ ಲಾಭ ಕಂಡ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಯ ಹಣದಲ್ಲಿ ಶಾಲೆಗೊಂದು ದೇಸಿ ಬೀಜದ ಮಡಿಯನ್ನು ಕಟ್ಟಿಕೊಡಲಿ. ಇದು ದಾನವಾಗದು, ಈ ಕೈಗಳ ಋಣದ ಅಲ್ಪಾಂಶವಷ್ಟೇ.

ಸರ್ಕಾರವಾಗಲಿ ಕಂಪನಿಯಾಗಲಿ ಬರುವವರೆಗೆ ಹಿತ್ತಲು ಕಾಯಬೇಕಾಗಿಲ್ಲ. ಈ ಮಾಘದಲ್ಲಿ ನೆರೆಯ ನಾಲ್ಕು ಮನೆಗಳು ಕೂಡಿ, ಒಬ್ಬರು ಬದನೆ, ಒಬ್ಬರು ಮೆಣಸು, ಒಬ್ಬರು ಹೀರೆ, ಒಬ್ಬರು ಅವರೆ ಎಂದು ಬೀಜದ ಹೊಣೆಯನ್ನು ಹಂಚಿಕೊಂಡರೂ ಸಾಕು. ಉಳಿಸಿದ ಬೀಜದಿಂದ ಇಪ್ಪತ್ತು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಎಷ್ಟು ಮೊಳೆತವೆಂದು ಎಣಿಸಿ ನೋಡಲಿ. ಹದಿನಾಲ್ಕಕ್ಕಿಂತ ಹೆಚ್ಚು ಮೊಳೆತರೆ ಆ ಬೀಜ ಬಿತ್ತನೆಗೆ ಯೋಗ್ಯ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹತ್ತಿರದ ವಸ್ತುವಿನ ಬೆಲೆ ಅರಿಯದವರನ್ನು ಕುರಿತು ಹುಟ್ಟಿದ್ದು. ಜಗತ್ತಿಗೆ ಬೀಜ ಕೊಡುವ ಸೀಮೆ ತನ್ನ ಹಿತ್ತಲಿಗೂ ಒಂದು ಹಿಡಿ ಬೀಜ ಎತ್ತಿಟ್ಟುಕೊಂಡರೆ, ಮುಂದಿನ ಮಾಗಿಯಲ್ಲಿ ಮಳೆ ಬಂದರೂ, ಬಿಸಿಲೇ ಬಂದರೂ, ಮತ್ತೊಮ್ಮೆ ಬಿತ್ತಲು ಅದು ಕೈಯಲ್ಲಿರುತ್ತದೆ.